ಹಾಗೇ ಇದ್ದಾರೆ

ಬಾಗಿಲಾಚೆ, ಚಪ್ಪಲಿ ಬಿಡುವ ಕಡೆಯೇ
ಗೋಡೆಗೊರಗಿ ಕೂತಿರುತ್ತಾರೆ ಸಣ್ಣತಾಯಮ್ಮ.
ಬಾಗಿಲು ಕಿರ್ ಎಂದರೆ ಸಾಕು, ಸೆರಗು ಸರಿಮಾಡಿಕೊಂಡು ಎದ್ದು
ಒಂದೇ ಪ್ರಶ್ನೆ: ಹೆಂಗವ್ರೆ ಸಿಸ್ಟರ್?
ಹತ್ತು ದಿನದಿಂದ ನನ್ನದೂ ಒಂದೇ ಉತ್ತರ:
ಹಾಗೇ ಇದ್ದಾರೆ.

ಆ ‘ಹಾಗೇ’ಯನ್ನು ಇಡೀ ರಾತ್ರಿ ಬೀಳದಂತೆ ಹಿಡಿದಿರುವುದು
ಹೇಗೆಂದು ಅವರಿಗೆ ಹೇಳಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.
ಮೂವರು ಬೇಕಾದ ಕೆಲಸ; ಇರುವುದು ನಾನು ಮತ್ತು ಪುಯಿ.
ಒಂದು, ಎರಡು, ಹೂಂ.
ಟ್ಯೂಬು ಜಾರದಂತೆ ಬಾಯ ಬಳಿ ಒಂದು ಕೈ, ಬೆನ್ನಿಗೊಂದು,
ಐದನೆಯದು ಎಲ್ಲಿಂದ ಬರುತ್ತದೋ ದೇವರೇ ಬಲ್ಲ.
ಹಿಮ್ಮಡಿಯಡಿಗೆ ನೀರು ತುಂಬಿದ ಗ್ಲೌಸು. ತುಟಿಗೆ ವ್ಯಾಸಲೀನು.
ಮುಚ್ಚದ ರೆಪ್ಪೆಯೊಳಗೆ ಒಂದು ಹನಿ.
ನಾಲ್ಕು ಪಂಪು, ನಾಲ್ಕು ದನಿ:
ಯಾವುದು ಸುಮ್ಮನೆ ರಂಪ, ಯಾವುದು ನಿಜವಾದ ಅಳು,
ಹೆತ್ತವರಿಗಷ್ಟೇ ಗೊತ್ತಾಗುತ್ತದಂತೆ.
ನಾನು ಹೆತ್ತಿಲ್ಲ. ನನಗೂ ಗೊತ್ತು.

ಗಂಟೆಗೊಮ್ಮೆ ಬಗ್ಗಿ ಚೀಲದ ಗೆರೆ ನೋಡಿ ಬರೆಯುತ್ತೇನೆ.
ಹನ್ನೆರಡಕ್ಕೆ ಹದಿನೈದು ಎಂಎಲ್.
ಒಂದಕ್ಕೆ ಹತ್ತು.
ಎರಡಕ್ಕೆ ನಲವತ್ತು!
ಪರರ ಉಚ್ಚೆ ಕಂಡು ಹೀಗೆ ಹಿಗ್ಗುವ ಉದ್ಯೋಗ
ಈ ಬೆಂಗಳೂರಲ್ಲಿ ಇನ್ನೊಂದಿದ್ದರೆ ಹೇಳಿ.

ಪುಯಿ ಮಿಜೋರಾಮಿನವಳು. ಅವಳ ಕನ್ನಡವೆಲ್ಲ ಮಂಚದ ಪಕ್ಕ ಕಲಿತದ್ದು:
ಕಣ್ಣು ಬಿಡಿ. ಕೆಮ್ಮಿ. ನನ್ನ ಕೈ ಹಿಚುಕಿ. ನೋವಾ? ಎಲ್ಲಿ? ಹೆದರಬೇಡಿ.
ಕಲಾಸಿಪಾಳ್ಯದ ಸೊಪ್ಪಿನವಳ ಹತ್ತಿರವೂ
ಹೆದರಬೇಡಿ ಎಂದೇ ಅವಳ ಚೌಕಾಸಿ ಶುರು;
ಸೊಪ್ಪಿನವಳು ನಕ್ಕು ಒಂದು ಕಟ್ಟು ಹೆಚ್ಚಿಗೆ ಹಾಕುತ್ತಾಳೆ.
ಈಚೀಚೆಗೆ ಅನ್ನಿಸುತ್ತದೆ, ಒಂದು ಭಾಷೆಗೆ
ಇಷ್ಟು ಮಾತು ಸಾಲದೇ?

ಮೂರೂಕಾಲಿಗೆ ನಾಲ್ಕನೇ ಬೆಡ್ ಹೋಯಿತು.
ಬೆಡ್ ಹೋಯಿತು ಎಂದೇ ಅನ್ನುತ್ತೇವೆ.
ಹೆಸರೆತ್ತಿದರೆ ಕೈ ನಡುಗುತ್ತದೆ, ಇನ್ನೂ ಐದು ಬೆಡ್ಡಿವೆ.
ವೈರುಗಳನ್ನೆಲ್ಲ ಬಿಚ್ಚಿ, ಬಿಸಿನೀರಲ್ಲಿ ಮುಖ ಒರೆಸಿ,
ತಲೆ ಬಾಚಲು ಹೋದಾಗ ತಿಳಿಯಲಿಲ್ಲ:
ಬೈತಲೆ ಎಡಕ್ಕೋ, ಬಲಕ್ಕೋ?
ಫೈಲಿನಲ್ಲಿದ್ದ ಆಧಾರ್ ಜೆರಾಕ್ಸು ತೆಗೆದು ನೋಡಿದೆ.

ಎಡಕ್ಕೆ.

ಐದಕ್ಕೆ, ಡಾಕ್ಟರು ಬರೆದಿಟ್ಟಂತೆ,
ಏಳನೇ ಬೆಡ್ಡಿನ ನಿದ್ದೆಮದ್ದು ತಗ್ಗಿಸಿದೆ.
ಹೊನ್ನಗಿರಿಯಪ್ಪ, ಐವತ್ತಾರು, ಬಿಎಂಟಿಸಿ ಕಂಡಕ್ಟರು.
ಮಣಿಕಟ್ಟು ಸರಳಿಗೆ ಕಟ್ಟಿದೆ; ಬೆರಳಿಗೆ ಮಾತ್ರ ಬಿಡುವಿಲ್ಲ.
ಹೆಬ್ಬೆರಳೂ ತೋರುಬೆರಳೂ ಕೂಡಿ, ಏನನ್ನೋ ಹರಿದು, ಚಾಚಿ,
ಮತ್ತೆ ಕೂಡಿ.
ಟ್ಯೂಬು ಕೀಳುತ್ತಾರೆ, ಬಿಗಿಯಾಗಿ ಕಟ್ಟು ಅಂದಳು ಪುಯಿ.
ಅಲ್ಲ ಕಣೇ. ಮೆಷಿನ್ನು ಬರುವ ಮುಂಚಿನ ಕೈ ಅದು,
ತುಂಬಿದ ಬಸ್ಸಿನಲ್ಲಿ ಕಂಬಕ್ಕೊರಗಿ ಟಿಕೇಟು ಹರಿದದ್ದು.
ಆಗತಾನೇ ತೆಗೆದ ಇಸಿಜಿಯ ಗುಲಾಬಿ ಕಾಗದದ ತುದಿ
ಬೆರಳ ಸಂದಿಗೆ ಕೊಟ್ಟೆ.

ಚರ್ರ್.

ತಮ್ಮದೇ ಎದೆಯ ನಾಲ್ಕು ಬಡಿತ ಹರಿದು
ಕಣ್ಣು ತೆರೆಯದೆ ನನ್ನತ್ತ ಚಾಚಿದರು.
ಎಲ್ಲಿಗೆ ಅಂತ ಅವರು ಕೇಳಲಿಲ್ಲ,
ನಾನೂ ಹೇಳಲಿಲ್ಲ. ತಗೊಂಡೆ.

ಆರಕ್ಕೆ ನೆಲ ಒರೆಸಲು ಮುನಿಲಕ್ಷ್ಮಕ್ಕ ಬಂದರು.
ಹೂವು ಒಳಗೆ ತರಕೂಡದೆಂದು ಬೋರ್ಡಿದೆ;
ಟೋಪಿಯೊಳಗಿನ ಸುಗಂಧರಾಜಕ್ಕೆ ಓದಲು ಬಾರದು.
ಕಿಟಕಿ ತೆರೆಯದ ಕೋಣೆಗೆ
ಮಾರ್ಕೆಟ್ಟಿನ ಬೆಳಗು ಬರುವುದು ಹಾಗೆ.

ಎಂಟಕ್ಕೆ ಹ್ಯಾಂಡೋವರ್. ಬಿಪಿ, ಜ್ವರ, ಸಕ್ಕರೆ, ಹೋದದ್ದು, ಬಂದದ್ದು,
ಎಲ್ಲಕ್ಕೂ ಚಾರ್ಟಿನಲ್ಲಿ ಜಾಗವಿದೆ.
ಹರಿದ ಟಿಕೇಟಿಗೆ ಕಾಲಮ್ಮಿಲ್ಲ.

ಹೆಂಗವ್ರೆ ಸಿಸ್ಟರ್?
ಹಾಗೇ ಇದ್ದಾರೆ, ಅಂದೆ.
ನಾಲ್ಕು ಮೆಟ್ಟಿಲಿಳಿದವಳು ಮನಸ್ಸು ತಡೆಯದೆ ಹತ್ತಿ ಬಂದು
ಡ್ಯೂಟಿ ಮೇಲಿದ್ದಾರೆ, ಅಂದೆ.

ಸಣ್ಣತಾಯಮ್ಮ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ
ಹತ್ತು ದಿನದಲ್ಲಿ ಮೊದಲ ಸಲ ಬೇರೆ ಪ್ರಶ್ನೆ ಕೇಳಿದರು:

ಯಾವ ರೂಟು?